ಧ್ವನಿಮುದ್ರಿಕೆಗಳ ಮಾತೃಕೆಯೂ ಪಾಠಪರಿಷ್ಕರಣವೂ

ಓಲೆಯ ಗ್ರಂಥಗಳನ್ನು ಕೂಡಿಸಿ, ಪಾಠಗಳನ್ನು ಹೋಲಿಸಿ, ಶುದ್ಧಪ್ರತಿಯನ್ನು ಸಿದ್ಧಪಡಿಸುವ ಕಾರ್ಯವು ಮೈಸೂರಿಗೆ ಹೊಸದಲ್ಲ. ಇಲ್ಲಿಯ ಪ್ರಾಚ್ಯ ಪುಸ್ತಕ ಭಂಡಾರದ ಕೌಟಿಲೀಯ ಅರ್ಥಶಾಸ್ತ್ರವನ್ನು ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚಿಗೆ ತಂದುದು ಲೋಕವಿದಿತವಾಗಿದೆ. ಅದೇ ಊರಿನ ಮಂಡಿ ಮೊಹಲ್ಲಾದ ಗುಜರಿ ಅಂಗಡಿಗಳಲ್ಲಿ, ಹಿತ್ತಾಳೆಯ ಪಾತ್ರೆಗಳ ಮತ್ತು ಮುರಿದ ರೇಡಿಯೋಗಳ ನಡುವೆ, ಮತ್ತೊಂದು ಬಗೆಯ ಗ್ರಂಥರಾಶಿಯು ಬಿದ್ದಿರುವುದನ್ನು ವಿದ್ವಾಂಸರು ಅಷ್ಟಾಗಿ ಗಮನಿಸಿದಂತೆ ತೋರುವುದಿಲ್ಲ. ನಾನು ಹೇಳುವುದು ಗ್ರಾಮಫೋನ್ ಪ್ಲೇಟುಗಳನ್ನು ಕುರಿತು. ಒಮ್ಮೆ ನಾನು ಒಂದು ಕಟ್ಟನ್ನು ಕೈಗೆತ್ತಿಕೊಂಡಾಗ ಅಂಗಡಿಯವನು, “ಸ್ವಾಮಿ, ಹಾಡೋದಕ್ಕೋ, ಗಡಿಯಾರ ಮಾಡೋದಕ್ಕೋ?” ಎಂದು ಕೇಳಿದನು. ಪ್ಲೇಟಿನ ನಡುವೆ ಮುಳ್ಳುಗಳನ್ನು ಕೂರಿಸಿ ಗೋಡೆಗೆ ತೂಗುಹಾಕುವವರೂ ಅವನಿಗೆ ಗಿರಾಕಿಗಳಂತೆ. ಓಲೆಗಳನ್ನು ಒಲೆಗೆ ಹಾಕಿದ ಕಾಲವು ನನಗೆ ನೆನಪಾಯಿತು.

ಈ ಪ್ಲೇಟುಗಳಲ್ಲಿ ಎರಡು ಜಾತಿಗಳುಂಟು. ಹಳೆಯವು ಅರಗಿನವು, ಮಿನಿಟಿಗೆ 78 ಸುತ್ತು ತಿರುಗುವವು, 10 ಅಂಗುಲದ ಪ್ಲೇಟಿನ ಒಂದು ಮುಖದಲ್ಲಿ ಸುಮಾರು 3 ಮಿನಿಟುಗಳ ಹಾಡು ಹಿಡಿಯುತ್ತದೆ. ಅನಂತರ ಬಂದವು ವಿನೈಲಿನವು. ಅವುಗಳಲ್ಲಿ ಚಿಕ್ಕವು 7 ಅಂಗುಲದವು, ಸಾಮಾನ್ಯವಾಗಿ 45 ಸುತ್ತಿನವು. ಜಾತಿಯನ್ನರಿಯದೆ ಮುಟ್ಟಿದರೆ ಅನರ್ಥವಾಗುವುದು. ಸ್ಪಿರಿಟ್ಟಿನಲ್ಲಿ ಅರಗು ಕರಗುವುದರಿಂದ, ವಿನೈಲನ್ನು ತೊಳೆಯುವ ಮದ್ಯಸಾರದ ದ್ರವದಿಂದ ಹಳೆಯ ಪ್ಲೇಟನ್ನು ಒರಸಿದರೆ ಕೊಳೆಯೊಡನೆ ಹಾಡೂ ಹೋಗುತ್ತದೆ. ಅಂತೆಯೇ ಅರಗಿನ ಪ್ಲೇಟಿನ ಚಾಲಿಗೆ ಅಂಗುಲದ 1000ದಲ್ಲಿ 3 ಭಾಗದಷ್ಟು ದಪ್ಪದ ಮೊನೆಯ ಮುಳ್ಳು ಬೇಕು. ವಿನೈಲಿಗೆ 1 ಭಾಗ, ಅಥವಾ ಅದಕ್ಕೂ ಕಡಮೆ.

ಸಂಗ್ರಹಿಸುವವನು ಮೊದಲು ನೋಡಬೇಕಾದುದು ಬಣ್ಣದ ಚೀಟಿಯನ್ನಲ್ಲ. ಚಾಲುಗಳು ಮುಗಿದ ಮೇಲೆ ಚೀಟಿಯವರೆಗೆ ಉಳಿಯುವ ನುಣುಪಾದ ಜಾಗದಲ್ಲಿ ಕೊರೆದಿರುವ ಅಂಕಿಗಳನ್ನು. ಇವನ್ನು ಪಾಶ್ಚಾತ್ಯರು ‘ಮ್ಯಾಟ್ರಿಕ್ಸ್’ ಸಂಖ್ಯೆಯೆನ್ನುತ್ತಾರೆ. ಆ ಶಬ್ದದ ಮೂಲದಲ್ಲಿ ತಾಯಿಯೆಂಬ ಅರ್ಥವಿದೆ. ನಾವು ಹಸ್ತಪ್ರತಿಯನ್ನು ಮಾತೃಕೆಯೆನ್ನುವುದೂ ಅದೇ ಭಾವದಿಂದಲೇ. ಒಂದೇ ಹಾಡನ್ನು ಎರಡು ಸಲ ಹಾಡಿಸಿ, ಎರಡನ್ನೂ ಒಂದೇ ಮಾರಾಟದ ಸಂಖ್ಯೆಯಲ್ಲಿ ಹೊರಡಿಸಿರುವುದುಂಟು. ಆಗ ಚೀಟಿಗಳಲ್ಲಿ ಭೇದವಿಲ್ಲ. ಮಾತೃಕಾಸಂಖ್ಯೆಯ ಕೊನೆಯ ಗುರುತಿನಲ್ಲಿ ಮಾತ್ರ ಭೇದವಿದೆ.

ಪುಷ್ಪಿಕೆಗೆ ಸಮಾನವಾದುದೂ ಇವುಗಳಲ್ಲಿದೆ. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಎಂಬ ಪ್ರಸಿದ್ಧ ಗಾಯಕಿಯ ಹಾಡುಗಳನ್ನು ಫ್ರೆಡ್ ಗೈಸ್‌ಬರ್ಗ್ ಎಂಬಾತನು ಮುದ್ರಿಸಿಕೊಂಡನು. ಪ್ಲೇಟುಗಳನ್ನು ಒತ್ತುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಭಾಷೆ ತಿಳಿಯದಾದುದರಿಂದ, ಆಕೆಯು ಹಾಡಿನ ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಸಾರಿ ಹೇಳುವಳು. ಆಕೆಯು 1928ರಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿ 17ರಂದು ಇದೇ ಊರಿನಲ್ಲಿ ತೀರಿಕೊಂಡಳು. ಆ ಘೋಷಣೆಯನ್ನು ಅಪ್ರಯೋಜಕವೆಂದು ಕತ್ತರಿಸಿದ ನಕಲುಗಳನ್ನು ನಾನು ಕೇಳಿದ್ದೇನೆ. ಗ್ರಂಥದ ಕೊನೆಯ ಓಲೆಯನ್ನು ಕಿತ್ತೆಸೆದವನಿಗೂ ಇವರಿಗೂ ಏನು ವ್ಯತ್ಯಾಸ?

ವಿನೋದಕ್ಕಾಗಿಯೂ, ಹೊಸ ವಿದ್ಯುದ್ವಾದ್ಯಗಳ ಚಮತ್ಕಾರವನ್ನು ತೋರುವುದಕ್ಕಾಗಿಯೂ ಹೊರಟ ಪ್ಲೇಟುಗಳನ್ನು ಪಂಡಿತರು ಕಡೆಗಣಿಸುವುದು ಸಹಜ. ಆದರೆ 1954ರ ‘ನಾಗಿನ್’ ಚಿತ್ರದಲ್ಲಿ ಹಾವಾಡಿಗನ ಪುಂಗಿಯೆಂದು ದೇಶವೆಲ್ಲ ನಂಬಿದ ನಾದವು ಪುಂಗಿಯದಲ್ಲ. ಹೇಮಂತಕುಮಾರರ ಸಂಗೀತಕ್ಕೆ ಕಲ್ಯಾಣಜಿಯವರು ನುಡಿಸಿದ ಕ್ಲಾವಿಯೊಲಿನ್ ಎಂಬ ವಿದ್ಯುದ್ವಾದ್ಯದ್ದು. 1978ರ ‘ಆಪರೇಷನ್ ಡೈಮಂಡ್ ರ‍್ಯಾಕೆಟ್’ ಚಿತ್ರಕ್ಕೆ ಜಿ.ಕೆ. ವೆಂಕಟೇಶರ ಸಂಗೀತದಲ್ಲಿ ರಾಜ್‌ಕುಮಾರರು ಇಂಗ್ಲಿಷಿನ ಹಾಡೊಂದನ್ನು ಹಾಡಿದುದು ಕನ್ನಡಿಗರಿಗೆ ಇಂದಿಗೂ ಕೌತುಕದ ವಿಷಯವೇ. 1982ರಲ್ಲಿ ಮುಂಬಯಿಯ ಚರಣಜಿತ್ ಸಿಂಗರು ಹತ್ತು ರಾಗಗಳನ್ನು ಸಿಂಥಸೈಜರುಗಳಲ್ಲಿಯೂ ತಾಳಯಂತ್ರದಲ್ಲಿಯೂ ಅಳವಡಿಸಿ ಹೊರಡಿಸಿದ ದೊಡ್ಡ ಪ್ಲೇಟನ್ನು ಆಗ ಕೇಳುವವರು ವಿರಳ. 2002ರಲ್ಲಿ ಡಚ್ ಸಂಗ್ರಾಹಕರೊಬ್ಬರ ಕೈಗೆ ಅದು ಸಿಕ್ಕಿ, 2010ರಲ್ಲಿ ಪುನರ್ಮುದ್ರಿತವಾದ ಮೇಲೆ ಪಾಶ್ಚಾತ್ಯರು ಬೆರಗಾದರು. ಇಂದಿನ ಅಭಿರುಚಿಯೊಂದನ್ನೇ ಆಧಾರವಾಗಿಟ್ಟುಕೊಂಡು ಆರಿಸುವುದು ಅಪಾಯವೆಂಬುದಕ್ಕೆ ಇಷ್ಟು ಸಾಕು.

ಇನ್ನು ಪ್ಲೇಟಿನ ನಾದವನ್ನು ಸಂಖ್ಯಾರೂಪಕ್ಕೆ ತರುವ ಕ್ರಮವನ್ನು ನೋಡೋಣ. ಗಣಕಯಂತ್ರವು ನಾದದ ಅಲೆಯನ್ನು ಸೆಕೆಂಡಿಗೆ 96,000 ಸಲ ಅಳೆದು, ಪ್ರತಿ ಅಳತೆಯನ್ನೂ 24 ದ್ವಿಮಾನ ಅಂಕಗಳಲ್ಲಿ ಬರೆದಿಡುವುದು ಸಂರಕ್ಷಣೆಗೆ ಯೋಗ್ಯವೆಂದು ಬಲ್ಲವರು ಒಪ್ಪಿದ್ದಾರೆ. ಒಂದೇ ವಾಹಿನಿಯ ಹಳೆಯ ಪ್ಲೇಟನ್ನೂ ಎರಡು ವಾಹಿನಿಗಳಲ್ಲಿಯೇ ಬರೆದುಕೊಳ್ಳಬೇಕು. ಏಕೆಂದರೆ ಚಾಲಿಗೆ ಎಡಬಲಗಳಲ್ಲಿ ಎರಡು ಗೋಡೆಗಳಿದ್ದು, ಎರಡರಲ್ಲಿಯೂ ಹಾಡು ಒಂದೇ, ಸವೆತ ಮಾತ್ರ ಬೇರೆ. ಒಂದರಲ್ಲಿ ಅಳಿಸಿದುದು ಮತ್ತೊಂದರಲ್ಲಿ ಉಳಿದಿರಬಹುದು. ಒಂದೇ ಪ್ಲೇಟಿನೊಳಗೆ ಎರಡು ಪ್ರತಿಗಳು ದೊರೆತಂತೆ ಇದು!

ವೇಗದ ವಿಷಯದಲ್ಲಿಯೂ ಎಚ್ಚರಿಕೆ ಅವಶ್ಯ. 78 ಸುತ್ತಿನವೆಂಬ ಹಳೆಯ ಪ್ಲೇಟುಗಳೆಲ್ಲವೂ ಸರಿಯಾಗಿ ಆ ವೇಗದಲ್ಲಿ ಮುದ್ರಿತವಾದವಲ್ಲ. 75ರಲ್ಲಿ ಮುದ್ರಿತವಾದುದನ್ನು 78ರಲ್ಲಿ ನುಡಿಸಿದರೆ ಶ್ರುತಿಯು ಅರ್ಧಸ್ವರದ ಮೂರರಲ್ಲಿ ಎರಡು ಭಾಗದಷ್ಟು ಏರುವುದು. ಗಾಯಕನ ಕಂಠವನ್ನು ಕುರಿತು ನಾವು ಮಾಡುವ ತೀರ್ಮಾನವೂ ಅದರೊಡನೆ ಕೆಡುವುದು.

ಮುಖ್ಯವಾದ ವಿವಾದವಿರುವುದು ಶುದ್ಧೀಕರಣದಲ್ಲಿ. ಪ್ಲೇಟಿನಲ್ಲಿ ಕೇಳಿಬರುವ ‘ಸುಯ್’ ಎಂಬ ಸತತಧ್ವನಿಯನ್ನು ಗಣಕಕ್ಕೆ ಒಮ್ಮೆ ಕೇಳಿಸಿದರೆ, ಅದು ಆ ಮಾದರಿಯನ್ನು ಹಿಡಿದು, ಹಾಡಿನುದ್ದಕ್ಕೂ ಅಂತಹುದನ್ನೆಲ್ಲ ಕಳೆಯುತ್ತ ಹೋಗುತ್ತದೆ. ಇದರಲ್ಲಿ ಅಡಗಿರುವ ದೋಷವನ್ನು ಶಿಕ್ಷಾಶಾಸ್ತ್ರವನ್ನು ಓದಿದವರು ಬೇಗನೆ ಹಿಡಿಯಬಲ್ಲರು. ಶ ಷ ಸ ಹಗಳಿಗೆ ನಮ್ಮವರು ಊಷ್ಮಗಳೆಂದು ಹೆಸರಿಟ್ಟರು. ಉಸಿರಿನ ಘರ್ಷಣವೇ ಅವುಗಳ ಶರೀರ. ಯಂತ್ರದ ಗಣನೆಯಲ್ಲಿ ಸಕಾರಕ್ಕೂ ಪ್ಲೇಟಿನ ಸುಯ್ಲಿಗೂ ಜಾತಿಭೇದ ಅತ್ಯಲ್ಪ. ಸಕಾರದ ಬಲವೆಲ್ಲ ಸೆಕೆಂಡಿಗೆ 4,000ಕ್ಕೂ ಮೇಲ್ಪಟ್ಟ ಕಂಪನಗಳಲ್ಲಿದೆ. ಶಕಾರದ್ದು ಅದಕ್ಕಿಂತ ಕೆಳಗೇ ಮೊದಲಾಗುತ್ತದೆ. ಮೇಲಿನ ಕಂಪನಗಳನ್ನು ಕಡಿದರೆ ಮೊದಲು ಹೋಗುವುದು ಸಕಾರ.

ಇದು ನನ್ನ ಸ್ವಂತ ಅನುಭವವೂ ಹೌದು. ನಾಟಕದ ಹಾಡುಗಳ ಒಂದು ಪ್ಲೇಟನ್ನು, ಈ ಕೆಲಸ ಬಲ್ಲವರೆಂದು ನಾನು ನಂಬಿದ್ದವರೊಬ್ಬರು ಬಹಳ ನಯವಾಗಿ ಶುದ್ಧಿಮಾಡಿಕೊಟ್ಟರು. ಅದನ್ನು ಕೇಳಿ, ರಂಗಭೂಮಿಯ ಆ ನಟನು ಪದಾದಿಯ ಸಕಾರವನ್ನು ಹಕಾರದಂತೆ ಉಚ್ಚರಿಸುತ್ತಿದ್ದನೆಂದು ನಾನು ಒಂದು ಟಿಪ್ಪಣಿಯನ್ನೇ ಬರೆದೆನು. ಪ್ರಾದೇಶಿಕ ಕಾರಣಗಳನ್ನೂ ಊಹಿಸಿ ಸೇರಿಸಿದೆನು. ದೈವವಶಾತ್ ಅಚ್ಚಿಗೆ ಕೊಡುವ ಮುನ್ನ ಮೂಲಪ್ಲೇಟನ್ನೇ ಕೇಳುವ ಸಂದರ್ಭ ಒದಗಿತು. ಗರಗರ ಸದ್ದಿನ ನಡುವೆ ನಟನ ಸಕಾರವು ನಿರ್ದುಷ್ಟವಾಗಿ ನಿಂತಿತ್ತು. ಹಕಾರವು ಶುದ್ಧಿಯ ಫಲವೇ ಹೊರತು ನಟನ ದೋಷವಲ್ಲ. ಹಿಂದಿನವರ ಉಚ್ಚಾರಣೆಗೆ ನಮಗೆ ಕಿವಿಯ ಸಾಕ್ಷ್ಯ ದೊರೆಯುವುದು ಈ ಪ್ಲೇಟುಗಳಿಂದ; ಆ ಸಾಕ್ಷಿಯನ್ನೇ ನಾವು ತಿದ್ದಿ ಹೇಳಿಸುತ್ತಿದ್ದೇವೆ.

ವಿದ್ಯುದ್ವಾದ್ಯಗಳ ಪ್ಲೇಟುಗಳಲ್ಲಿ ತೊಡಕು ಇಮ್ಮಡಿ. ಅಲ್ಲಿ ಸುಯ್ಲನ್ನು ವಾದ್ಯಗಾರನೇ ಬುದ್ಧಿಪೂರ್ವಕವಾಗಿ ಹುಟ್ಟಿಸುತ್ತಾನೆ. ಚರಣಜಿತ್ ಸಿಂಗರು ಬಳಸಿದ ಟಿ.ಆರ್.-808 ಎಂಬ ತಾಳಯಂತ್ರದಲ್ಲಿ ಕೈಚಪ್ಪಾಳೆಯ ಸದ್ದು ಹುಟ್ಟುವುದೇ ಇಂತಹ ಶ್ವೇತರವದಿಂದ. ಶುದ್ಧಿಯಂತ್ರವು ಅದನ್ನು ಧೂಳೆಂದು ಗುಡಿಸುವುದು. ತಾಳದ ಚುರುಕು ಪೆಟ್ಟನ್ನು ಗೀರೆಂದು ಒರಸುವುದು. ಹಾಗಾದರೆ ಕವಿಪಾಠವನ್ನೂ ಲಿಪಿಕಾರದೋಷವನ್ನೂ ಬೇರ್ಪಡಿಸುವುದೆಂತು? ಎರಡು ಉಪಾಯಗಳಿವೆ. ಅಡ್ಡಗೀರು ಸುತ್ತಿಗೊಮ್ಮೆ ಕೇಳಿಸಲೇಬೇಕು. 45 ಸುತ್ತಿನ ಪ್ಲೇಟಿನಲ್ಲಿ ಅದು 1.33 ಸೆಕೆಂಡಿಗೊಮ್ಮೆ, 78ರಲ್ಲಿ 0.77 ಸೆಕೆಂಡಿಗೊಮ್ಮೆ ಬರುವುದು. ತಾಳದ ಪೆಟ್ಟಾದರೋ ಲಯವನ್ನನುಸರಿಸುವುದೇ ಹೊರತು ಪ್ಲೇಟಿನ ಸುತ್ತನ್ನಲ್ಲ. ಎರಡನೆಯದು, ಇನ್ನೊಂದು ಪ್ರತಿಯನ್ನು ತಂದು ಹೋಲಿಸುವುದು. ಒಂದರಲ್ಲಿ ಮಾತ್ರ ಇರುವ ಸದ್ದು ಆ ಪ್ರತಿಯ ದೋಷ. ಎರಡರಲ್ಲಿಯೂ ಅದೇ ಸ್ಥಾನದಲ್ಲಿದ್ದರೆ ಅದು ಕೃತಿಯದು, ಅಥವಾ ಎರಡಕ್ಕೂ ತಾಯಿಯಾದ ಅಚ್ಚಿನದು. ಈ ಕೊನೆಯ ಸಂದೇಹವು ಪೂರ್ಣವಾಗಿ ಪರಿಹಾರವಾಗುವಂತಹುದಲ್ಲ. ಗ್ರಂಥಸಂಪಾದನೆಯಲ್ಲಿಯೂ ಅದು ಹಾಗೆಯೇ ಇದೆ.

ಆದುದರಿಂದ ತಿದ್ದದ ಪ್ರತಿಯನ್ನು ಪ್ರತ್ಯೇಕವಾಗಿಟ್ಟು, ಯಾವ ಮುಳ್ಳು, ಯಾವ ವೇಗ, ಯಾವ ಗೋಡೆ, ಎಲ್ಲೆಲ್ಲಿ ತಿದ್ದಿದೆ ಎಂಬುದನ್ನು ಬರೆದು ಜತೆಗಿಡಬೇಕು. ಹೀಗೆ ಬರೆದುಕೊಂಡ 3½ ಮಿನಿಟಿನ ಒಂದು ಮುಖಕ್ಕೆ 120 ಮೆಗಾಬೈಟಿನಷ್ಟು ಸ್ಥಳ ಬೇಕಾಗುವುದು; ಇಂದಿನ ದಿನಗಳಲ್ಲಿ ಇದೊಂದು ಭಾರವೇ ಅಲ್ಲ. ಕಿವಿಗೆ ಇಂಪಾದ ಶುದ್ಧಪ್ರತಿಯನ್ನು ಬೇಕಾದವರು ಬೇರೆ ಮಾಡಿಕೊಳ್ಳಲಿ.

ಮಂಡಿ ಮೊಹಲ್ಲಾದಿಂದ ತಂದ ಆ ನಾಟಕದ ಪ್ಲೇಟಿನ ಅಂಚು ಮುರಿದಿದ್ದು, ಮೊದಲ 11 ಸುತ್ತುಗಳು, ಎಂದರೆ ಸುಮಾರು 8½ ಸೆಕೆಂಡುಗಳ ಹಾಡು, ನಷ್ಟವಾಗಿದೆ. ಮುಂದೆ ಬರುವ ಪಲ್ಲವಿಯ ಆವೃತ್ತಿಯನ್ನೇ ಅಲ್ಲಿಗೆ ಅಂಟಿಸಿ ತುಂಬಬಹುದೆಂದು ಸಲಹೆ ಮಾಡಿದವರಿದ್ದಾರೆ. ನಾನು ಒಪ್ಪಲಿಲ್ಲ. ಓಲೆಯ ಪ್ರತಿಗಳಲ್ಲಿ ತ್ರುಟಿತವೆಂದು ಗುರುತುಮಾಡುವಂತೆ ಅಷ್ಟು ಕಾಲವನ್ನು ಮೌನವಾಗಿಯೇ ಬಿಟ್ಟಿದ್ದೇನೆ. ಹಳೆಯ ನಾಟಕದ ಪ್ಲೇಟುಗಳು ವಾಚಕಮಹಾಶಯರಲ್ಲಿ ಯಾರ ಮನೆಯಲ್ಲಾದರೂ ಉಳಿದಿದ್ದರೆ, ಮೊದಲು ಮಾತೃಕಾಸಂಖ್ಯೆಯನ್ನು ಬರೆದುಕೊಂಡು, ಪತ್ರಿಕೆಯ ಮೂಲಕ ತಿಳಿಸಬೇಕೆಂದು ಪ್ರಾರ್ಥನೆ.