ಮಾನಸಿಕ ಆಘಾತ: ತಪ್ಪು ಕಲ್ಪನೆ ಮತ್ತು ಸತ್ಯ

ತಾಳಿಕೊಳ್ಳಲಾಗದ ಘಟನೆ ಮುಗಿದು ವರ್ಷಗಳಾದರೂ ಅಪಾಯ ಇನ್ನೂ ಎದುರಿಗಿದೆ ಎಂಬಂತೆ ದೇಹ ಮತ್ತು ಮನಸ್ಸು ನಡೆದುಕೊಳ್ಳುವುದುಂಟು. ಮಾನಸಿಕ ಆಘಾತದ ಮುಖ್ಯ ಲಕ್ಷಣ ಇದೇ. ಇದರ ಸುತ್ತ ಬೆಳೆದಿರುವ ತಪ್ಪು ತಿಳಿವಳಿಕೆಗಳು ಮನೆಮಂದಿಯ ನಡುವೆಯೇ ಹೆಚ್ಚು ನೋವುಂಟುಮಾಡುತ್ತವೆ.

ಆಘಾತವೆಂದರೆ ಯುದ್ಧ, ಭೂಕಂಪ ಕಂಡವರಿಗೆ ಮಾತ್ರ ಆಗುವಂಥದ್ದು ಎಂಬುದು ಮೊದಲ ಕಲ್ಪನೆ. ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆಯನ್ನು ತನ್ನ ರೋಗನಿರ್ಣಯ ಕೈಪಿಡಿಗೆ ಸೇರಿಸಲು ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಪಾಡು ದೊಡ್ಡ ಕಾರಣವಾಗಿತ್ತು ನಿಜ. ಆದರೆ ಅಮೆರಿಕದ ವೈದ್ಯರಾದ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ 1998ರಲ್ಲಿ ಪ್ರಕಟಿಸಿದ ಅಧ್ಯಯನ ಗಮನ ಹರಿಸಿದ್ದು ಮನೆಯೊಳಗೆ: ಬಾಲ್ಯದ ಹೊಡೆತ, ಲೈಂಗಿಕ ದೌರ್ಜನ್ಯ, ಕುಡಿತದ ಮನೆ, ಪೆಟ್ಟು ತಿನ್ನುವ ತಾಯಿ. ಇಂಥ ಅನುಭವಗಳು ಹೆಚ್ಚಿದಷ್ಟೂ ಮುಂದೆ ಖಿನ್ನತೆ, ಮದ್ಯವ್ಯಸನ, ಹೃದ್ರೋಗದ ಸಂಭವವೂ ಹೆಚ್ಚಿತ್ತು.

"ಆದದ್ದು ಆಗಿಹೋಯಿತು, ಮರೆತುಬಿಡು" ಎಂಬ ಮಾತು ಆ ಮೊದಲ ಕಲ್ಪನೆಗಿಂತಲೂ ಹಾನಿಕರ. ಮರೆಯುವುದು ನೊಂದವರ ಕೈಯಲ್ಲಿಲ್ಲ. ಅಪಾಯವನ್ನು ಗುರುತಿಸುವ ಮಿದುಳಿನ ಅಮಿಗ್ಡಲಾ, ವಿಚಾರಶಕ್ತಿ ಎಚ್ಚೆತ್ತುಕೊಳ್ಳುವ ಮೊದಲೇ ಕೆಲಸ ಶುರುಮಾಡುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಒತ್ತಡದ ಹಾರ್ಮೋನುಗಳು ಏರುತ್ತವೆ. ಕುಡುಕ ತಂದೆಯ ಕೂಗಾಟದಲ್ಲಿ ಬೆಳೆದ ಹೆಣ್ಣುಮಗಳು ಗಂಡ ದನಿ ಏರಿಸಿದೊಡನೆ ಮರಗಟ್ಟಿ ಕೂರಬಹುದು. ಅತ್ತೆಮನೆಯವರಿಗೆ ಅದು ಸೊಕ್ಕು, ಕೇಳಿದ್ದಕ್ಕೆ ಉತ್ತರ ಕೊಡದ ಹಟ. ಅವಳ ದೇಹಕ್ಕೆ ಅದು ಬಾಲ್ಯದಲ್ಲಿ ಕಲಿತ ರಕ್ಷಣೆ. ಇಷ್ಟು ಗೊತ್ತಾದರೆ ಗಂಡ ಉತ್ತರಕ್ಕೆ ಪೀಡಿಸುವುದನ್ನು ಬಿಟ್ಟು ದನಿ ತಗ್ಗಿಸುತ್ತಾನೆ, ಮಾತನ್ನು ಸಂಜೆಗೆ ಮುಂದೂಡುತ್ತಾನೆ. ಸಹಾನುಭೂತಿ ದೊಡ್ಡ ಮಾತುಗಳಲ್ಲಿಲ್ಲ, ಇಂಥ ಸಣ್ಣ ಬದಲಾವಣೆಗಳಲ್ಲಿದೆ.

ಎಲ್ಲವನ್ನೂ ಬಾಯಿಬಿಟ್ಟು ಹೇಳಿಸಿದರೆ ಮನಸ್ಸು ಹಗುರಾಗುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2011ರ ಮಾನಸಿಕ ಪ್ರಥಮ ಚಿಕಿತ್ಸಾ ಕೈಪಿಡಿ, ನೊಂದವರನ್ನು ಒತ್ತಾಯಿಸಿ ಮಾತಾಡಿಸಬಾರದು ಎನ್ನುತ್ತದೆ. ಅವರಾಗಿ ಹೇಳಿದರೆ ಕಿವಿಗೊಡುವುದು, ಸುಮ್ಮನಿದ್ದರೆ ಜೊತೆಗಿರುವುದು, ಬೇಕಾದ ನೆರವು ಸಿಗುವೆಡೆ ತಲುಪಿಸುವುದು, ಇವೇ ಮುಖ್ಯ.

ಆಘಾತವಾದವರ ಬದುಕು ಮುಗಿಯಿತು ಎಂಬ ಕನಿಕರವೂ ತಪ್ಪು. ಹೆಚ್ಚಿನವರು ಕಾಲಕ್ರಮೇಣ ಚೇತರಿಸಿಕೊಳ್ಳುತ್ತಾರೆ. ಹತ್ತಿರದವರ ಆಸರೆ ಇದ್ದರೆ ಅದು ಇನ್ನಷ್ಟು ಸುಲಭ.

ಹಾಗೆಂದು ಅರ್ಥಮಾಡಿಕೊಳ್ಳುವುದೆಂದರೆ ಸಹಿಸಿಕೊಳ್ಳುವುದಲ್ಲ. ಹೊಡೆಯುವವನ ಬಾಲ್ಯ ಎಷ್ಟೇ ಕ್ರೂರವಾಗಿರಲಿ, ಅವನ ಹೊಡೆತಕ್ಕೆ ಅದು ಪರವಾನಗಿಯಾಗದು.

ದುಃಸ್ವಪ್ನ, ಬೆಚ್ಚಿಬೀಳುವಿಕೆ, ಜನರಿಂದ ದೂರ ಸರಿಯುವುದು ತಿಂಗಳು ದಾಟಿದರೂ ನಿಲ್ಲದಿದ್ದರೆ ತಜ್ಞರನ್ನು ಕಾಣಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು.