ಕಾಡುವ ಒಂದು ‘ಎಸ್’

‘ಮೈ ಫಾದರ್ ಗೋ ಟು ಆಫೀಸ್’ ಎಂದು ಬರೆದ ಹುಡುಗನ ಪುಸ್ತಕದಲ್ಲಿ ಕೆಂಪು ಗೆರೆ ಬೀಳುತ್ತದೆ. ಮರುದಿನ ಅವನು ‘ಐ ಗೋಸ್ ಟು ಸ್ಕೂಲ್’ ಎಂದು ಬರೆದು ಇನ್ನೊಂದು ಗೆರೆ ಎಳೆಸಿಕೊಳ್ಳುತ್ತಾನೆ. ಮೂರನೆಯ ದಿನ ಈ ಉಸಾಬರಿಯೇ ಬೇಡವೆಂದು ‘ಐ ಆ್ಯಮ್ ಗೋಯಿಂಗ್ ಟು ಸ್ಕೂಲ್ ಡೈಲಿ’ ಎನ್ನುತ್ತಾನೆ. ಇಂಗ್ಲಿಷಿನ ಸಾಮಾನ್ಯ ವರ್ತಮಾನ ಕಾಲ, ಅಂದರೆ ಸಿಂಪಲ್ ಪ್ರೆಸೆಂಟ್ ಟೆನ್ಸ್, ಕನ್ನಡದ ಮಕ್ಕಳನ್ನು ಕಾಡುವ ಬಗೆ ಹೆಚ್ಚುಕಡಿಮೆ ಇದೇ.

ನಿಯಮವೇನೋ ಚಿಕ್ಕದು. ಹೀ, ಶೀ, ಇಟ್ ಅಥವಾ ಒಬ್ಬರ ಹೆಸರು ಬಂದರೆ ಕ್ರಿಯಾಪದಕ್ಕೆ ‘ಎಸ್’, ಉಳಿದಂತೆ ಬೇಡ. ಕನ್ನಡದಲ್ಲಿ ಈ ಕೆಲಸ ಇನ್ನೂ ದೊಡ್ಡದು. ಹೋಗುತ್ತೇನೆ, ಹೋಗುತ್ತೀಯೆ, ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತದೆ... ಇಷ್ಟೆಲ್ಲ ಬಾಲಗಳನ್ನು ಶಾಲೆ ಸೇರುವ ಮೊದಲೇ ನಿಭಾಯಿಸಿದ ಮಗು ಒಂದು ‘ಎಸ್’ಗೆ ಎಡವುವುದೇಕೆ? ಕನ್ನಡದ ಬಾಲಕ್ಕೆ ಅರ್ಥವಿದೆ. ‘ಬರುತ್ತಾಳೆ’ ಎಂದರೆ ಸಾಕು, ‘ಅವಳು’ ಎನ್ನಬೇಕಿಲ್ಲ. ಇಂಗ್ಲಿಷಿನಲ್ಲಿ ‘ಶೀ’ ಎಂದಾದ ಮೇಲೆ ‘ಕಮ್ಸ್’ನ ‘ಎಸ್’ ಹೊಸದೇನನ್ನೂ ಹೇಳುವುದಿಲ್ಲ. ಹಿಂದೆ ಇಂಗ್ಲಿಷಿನಲ್ಲೂ ಇಂಥ ಬಾಲಗಳು ಹಲವಿದ್ದವು; ಉದುರಿ ಉಳಿದದ್ದು ಇದೊಂದು. ಸಾಲದ್ದಕ್ಕೆ, ಸ್ವರದಲ್ಲಿ ಮುಗಿಯುವ ಪದಗಳಿಗೆ ಒಗ್ಗಿದ ಕಿವಿಗೆ ‘ವಾಕ್ಸ್’, ‘ಈಟ್ಸ್’ಗಳ ಕೊನೆ ಸುಲಭವಾಗಿ ಕೇಳಿಸದು.

ಇಂಗ್ಲಿಷ್ ಮಾತೃಭಾಷೆಯ ಮಕ್ಕಳಿಗೂ ಅದು ಬೇಗ ದಕ್ಕುವುದಿಲ್ಲ. ಅಮೆರಿಕದ ಮನೋವಿಜ್ಞಾನಿ ರೋಜರ್ ಬ್ರೌನ್ ಮೂವರು ಮಕ್ಕಳ ಮಾತನ್ನು ಗಮನಿಸಿ, ಅವರು 14 ವ್ಯಾಕರಣಾಂಶಗಳನ್ನು ಕಲಿತ ಕ್ರಮವನ್ನು 1973ರಲ್ಲಿ ಪ್ರಕಟಿಸಿದರು. ‘ಗೋಯಿಂಗ್’ನಲ್ಲಿರುವ ‘ಇಂಗ್’ ಮೊದಲನೆಯದು. ಈ ‘ಎಸ್’ ಹತ್ತನೆಯದು! ಹೀಗಿರುವಾಗ ಒಂದು ‘ಎಸ್’ ಬಿಟ್ಟ ಮಗುವನ್ನು ದಡ್ಡ ಎಂದು ಜರೆಯುವುದು ಅನ್ಯಾಯ. ಜರೆದರೆ ‘ಎಸ್’ ಬರುವುದಿಲ್ಲ, ಇದ್ದ ನಾಲ್ಕು ಮಾತೂ ನಿಂತುಹೋಗುತ್ತದೆ.

ಬಾಯಿಪಾಠಕ್ಕಿಂತ ಮನೆಯ ಅಭ್ಯಾಸ ಮೇಲು. ಮಗು ಮೊದಲು ತನ್ನ ದಿನಚರಿ ಹೇಳಲಿ: ‘ಐ ಗೆಟ್ ಅಪ್ ಅಟ್ ಸಿಕ್ಸ್. ಐ ಡ್ರಿಂಕ್ ಮಿಲ್ಕ್.’ ಬಳಿಕ ಅಕ್ಕನದು: ‘ಮೈ ಸಿಸ್ಟರ್ ಗೆಟ್ಸ್ ಅಪ್ ಅಟ್ ಸೆವೆನ್. ಶೀ ಡ್ರಿಂಕ್ಸ್ ಕಾಫಿ.’ ಇಂಗ್ಲಿಷ್ ಬಾರದ ತಾಯಿಯೂ ಇಲ್ಲಿ ಪರೀಕ್ಷಕಿಯಾಗಬಹುದು. ಕೊನೆಯ ‘ಸ್’ ಕೇಳಿಸಿತೇ ಎಂದು ಕಿವಿಗೊಟ್ಟರಾಯಿತು. (‘ರನ್ಸ್’ನಲ್ಲಿ ಅದು ‘ಜ್’ನಂತೆ, ‘ವಾಚಸ್’ನಲ್ಲಿ ‘ಇಜ್’ನಂತೆ ಕೇಳುತ್ತದೆ.) ಪುಸ್ತಕದ ರಾಮನಿಗಿಂತ ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುವ ಅಜ್ಜ ಒಳ್ಳೆಯ ಉದಾಹರಣೆ: ‘ಗ್ರ್ಯಾಂಡ್‌ಫಾದರ್ ಸ್ನೋರ್ಸ್.’

ಪ್ರಶ್ನೆ ಕೇಳುವಾಗ ‘ಡಸ್ ಹೀ ಗೋ?’ ಎನ್ನಬೇಕು, ‘ಡಸ್ ಹೀ ಗೋಸ್?’ ಅಲ್ಲ. ‘ಎಸ್’ ಆಗಲೇ ‘ಡಸ್’ನೊಳಗೆ ಸೇರಿಕೊಂಡಿದೆ. ‘ಹೀ ಡಸ್ ನಾಟ್ ಗೋ’ ಎಂಬಲ್ಲಿಯೂ ಅಷ್ಟೆ.

ಇನ್ನು ‘ಗೋಯಿಂಗ್ ಡೈಲಿ’. ಇದಕ್ಕೆ ಕನ್ನಡವೇ ನೆರವಾಗುತ್ತದೆ. ‘ಈಗ ಹೋಗುತ್ತಿದ್ದೇನೆ’ ಎಂದರೆ ‘ಐ ಆ್ಯಮ್ ಗೋಯಿಂಗ್’. ‘ದಿನಾ ಹೋಗುತ್ತೇನೆ’ ಎಂದರೆ ‘ಐ ಗೋ’. ಆದರೆ ‘ನಾಳೆ ಹೋಗುತ್ತೇನೆ’ ಎಂಬುದಕ್ಕೆ ‘ಐ ವಿಲ್ ಗೋ’ ಬೇಕು. ಕನ್ನಡದ ಒಂದೇ ರೂಪ ದಿನಕ್ಕೂ ನಾಳೆಗೂ ದುಡಿಯುವುದರಿಂದ ಮಗು ಇಲ್ಲಿ ತಡವರಿಸುತ್ತದೆ; ಬಾಯಿ ಹಾಕದೆ ಅರೆಗಳಿಗೆ ಕಾದರೆ ಎಷ್ಟೋ ಸಲ ತಾನೇ ತಿದ್ದಿಕೊಳ್ಳುತ್ತದೆ.