ನೆರಳಿನ ಗಿಡವೆಂದು ಕತ್ತಲೆಗೆ ತಳ್ಳಬೇಡಿ

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಹೋಂಸ್ಟೇಗಳಿಗೆ ಬಂದವರು ಈಗೀಗ ಕಾಫಿಪುಡಿ, ಕಾಳುಮೆಣಸಿನ ಜೊತೆಗೆ ಒಂದು ಕಾಫಿ ಸಸಿಯನ್ನೂ ಕಾರಿಗೇರಿಸಿಕೊಂಡು ಹೋಗುತ್ತಾರೆ. ಸಂತೋಷ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಅದಕ್ಕೆ ಪಿಂಗಾಣಿ ಕುಂಡ, ಹಾಲಿನಲ್ಲಿ ಟೀವಿ ಪಕ್ಕದ ಮೂಲೆ. ಅಲ್ಲೇಕೆ ಎಂದರೆ ಉತ್ತರ ಸಿದ್ಧ: 'ಕಾಫಿ ನೆರಳಿನ ಗಿಡ ಅಲ್ವಾ?' ಕೆಲವು ತಿಂಗಳಿಗೆ ಎಲೆಯೆಲ್ಲ ಉದುರಿ ಕಡ್ಡಿ ಉಳಿದಾಗ ತಪ್ಪು ನರ್ಸರಿಯವನದು!

ಕಾಫಿ ನೆರಳಿನ ಗಿಡವೇ ಆಗಿದ್ದರೆ, ಬೆಳೆಗಾರರು ವರ್ಷವರ್ಷವೂ ಕೂಲಿ ಕೊಟ್ಟು ಮರಗಸಿ, ಅಂದರೆ ನೆರಳುಮರಗಳ ಕೊಂಬೆ ಸವರುವ ಕೆಲಸ, ಮಾಡಿಸುವುದೇಕೆ? ಮುಂಗಾರಿಗೆ ಮುಂಚೆ ತೋಟಕ್ಕೆ ಬಂದು ನೋಡಿ. ಹಗ್ಗ, ಏಣಿ, ಕತ್ತಿ ಹಿಡಿದವರು ಹಾಲುವಾಣದ ಮರವೇರಿ ಕೊಂಬೆ ಸವರಿ ಕೆಡವುತ್ತಿರುತ್ತಾರೆ. ಮಳೆಗಾಲದಲ್ಲಿ ಮೋಡವೇ ಬೆಳಕನ್ನು ನುಂಗುತ್ತದೆ; ಅದರ ಮೇಲೆ ಮರದ ನೆರಳೂ ಕವಿದರೆ ಗಾಳಿ ಆಡದೆ ಕೊಳೆರೋಗ ಹತ್ತುತ್ತದೆ, ಗಿಡ ಸಪೂರವಾಗಿ ಉದ್ದಕ್ಕೆ ಹೋಗುತ್ತದೆ, ಮುಂದಿನ ಹೂವು ಕಡಿಮೆಯಾಗುತ್ತದೆ. ನೆರಳು ಕೊಡುವುದಕ್ಕಿಂತ ನೆರಳು ಕಡಿಯುವುದೇ ಇಲ್ಲಿ ದೊಡ್ಡ ಕೆಲಸ.

ಹಾಗಾದರೆ ಮರಗಳೇಕೆ? ಮಾರ್ಚ್, ಏಪ್ರಿಲ್‌ನ ಸುಡುಬಿಸಿಲು ತಡೆಯಲು, ಇಳಿಜಾರಿನ ಮಣ್ಣು ಹಿಡಿದಿಡಲು, ತೇವ ಉಳಿಸಲು, ಬಯಲು ಬಿಸಿಲನ್ನು ಮೆಚ್ಚುವ ಬಿಳಿ ಕಾಂಡಕೊರಕ ಹುಳುವನ್ನು ದೂರವಿಡಲು. ಬ್ರೆಜಿಲಿನಲ್ಲಿ ಬಹುಪಾಲು ಕಾಫಿ ಮರಗಳೇ ಇಲ್ಲದ ಬಟ್ಟಬಯಲಿನಲ್ಲಿ ಬೆಳೆಯುತ್ತದೆ. ಇಥಿಯೋಪಿಯಾದ ಕಾಡಿನಲ್ಲಿ ದೊಡ್ಡ ಮರಗಳ ಕೆಳಗೆ ಹುಟ್ಟಿದ ಗಿಡ ನೆರಳನ್ನು ಸಹಿಸುತ್ತದೆ ನಿಜ. ಆದರೆ ಮರದಡಿಯೇ ಬೇರೆ, ಮನೆಯ ಮೂಲೆಯೇ ಬೇರೆ.

ಎಷ್ಟು ಬೇರೆ ಎಂಬುದನ್ನು ಲೆಕ್ಕದಲ್ಲೇ ನೋಡೋಣ. ನಡುಹಗಲ ನೇರ ಬಿಸಿಲು ಸುಮಾರು 1,00,000 ಲಕ್ಸ್. ಎಲೆಗಳ ನಡುವೆ ಸೋಸಿ ಅದರ ಕಾಲುಭಾಗ ಇಳಿದರೂ 25,000. ಹಾಲಿನ ಮೂಲೆಯಲ್ಲಿ ದೀಪ ಹಾಕಿದರೂ ಸಿಗುವುದು ಇನ್ನೂರು, ಮುನ್ನೂರು. ನಮ್ಮ ಕಣ್ಣು ಹೊಂದಿಕೊಂಡುಬಿಡುವುದರಿಂದ ನಮಗದು ಬೆಳಕು, ಗಿಡಕ್ಕೆ ಉಪವಾಸ. ಹಗಲು ಹೊತ್ತು ಕುಂಡದ ಮೇಲೆ ಅಂಗೈ ಹಿಡಿಯಿರಿ. ಅಂಗೈಯ ನೆರಳು ಸ್ಪಷ್ಟವಾಗಿ ಬೀಳದಿದ್ದರೆ ಅದು ನೆರಳಿನ ಜಾಗವಲ್ಲ, ಕತ್ತಲೆಯ ಜಾಗ. ಪೂರ್ವದ ಬಾಲ್ಕನಿಯೋ, ದೊಡ್ಡ ಕಿಟಕಿಯ ಮಗ್ಗುಲೋ ಆದರೆ ಸರಿ. ಇದನ್ನೋದಿ ಗಾಬರಿಯಾಗಿ, ಮೂಲೆಯಲ್ಲಿ ಸೊರಗಿದ ಗಿಡವನ್ನು ಒಮ್ಮೆಲೇ ಮಧ್ಯಾಹ್ನದ ಬಿಸಿಲಿಗೆ ಇಟ್ಟೀರಿ, ಎಲೆ ಸುಟ್ಟುಹೋಗುತ್ತದೆ. ವಾರಗಟ್ಟಲೆ ತೆಗೆದುಕೊಂಡು ಸ್ವಲ್ಪಸ್ವಲ್ಪವೇ ಬೆಳಕಿಗೆ ಸರಿಸಿ.

ಉಳಿದ ನಂಬಿಕೆಗಳನ್ನು ಬೇಗ ಮುಗಿಸೋಣ.

ಮಳೆನಾಡಿನ ಗಿಡ, ದಿನಾ ನೀರು ಬೇಕು: ಬೇಡ. ಕಳಸದಲ್ಲಿ ಸುರಿಯುವ ಮಳೆ ಗುಡ್ಡದಿಂದ ಇಳಿದು ಹೋಗುತ್ತದೆ. ತಳದಲ್ಲಿ ತೂತಿಲ್ಲದ ನಿಮ್ಮ ಪಿಂಗಾಣಿ ಕುಂಡದಿಂದ ಎಲ್ಲಿಗೆ ಹೋಗಬೇಕು? ಬೇರು ಕೊಳೆಯುತ್ತದೆ. ಅದೂ ಅಲ್ಲದೆ, ಮೊಗ್ಗು ಒಣಹವೆಯಲ್ಲಿ ತಡೆದು ನಿಂತಿದ್ದು, ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಒಟ್ಟಿಗೆ ಅರಳುವುದು ಕಾಫಿಯ ಸ್ವಭಾವ.

ಒಂದು ಗಿಡ ಸಾಕು, ಮನೆ ಕಾಫಿ ಕುಡಿಯಬಹುದು: ರೊಬಸ್ಟಾ ಆದರೆ ಒಂಟಿ ಗಿಡದಿಂದ ಕಾಯಿಯ ಆಸೆ ಬೇಡ, ಅದಕ್ಕೆ ಬೇರೆ ಗಿಡದ ಪರಾಗ ಬೇಕು. ಅರೇಬಿಕಾ ತನಗೆ ತಾನೇ ಕಾಯಿ ಕಚ್ಚುತ್ತದೆ, ಮೂರ್ನಾಲ್ಕು ವರ್ಷ ಕಾಯಬೇಕು, ಸಿಗುವುದು ಕೆಲವು ಲೋಟಕ್ಕಾಗುವಷ್ಟು.

ಕುಂಡದಲ್ಲಿಟ್ಟರೆ ಗಿಡ್ಡವಾಗೇ ಇರುತ್ತದೆ: ತೋಟದಲ್ಲೂ ತಲೆ ಚಿವುಟಿ, ಕಾಂಡದಿಂದ ನೆಟ್ಟಗೆ ಏಳುವ ಕಂಬಚಿಗುರು ತೆಗೆದೇ ಗಿಡವನ್ನು ಹದ್ದಿನಲ್ಲಿಡುವುದು. ಬಿಟ್ಟರೆ ಅದು ಮರವೇ. ಗಿಡ್ಡ ತಳಿ ಬೇಕಿದ್ದರೆ ಚಂದ್ರಗಿರಿ ಕೇಳಿ.

ಕಾಫಿ ಚರಟವೇ ಕಾಫಿ ಗಿಡಕ್ಕೆ ಗೊಬ್ಬರ: ದಪ್ಪಗೆ ಸುರಿದರೆ ಹೆಪ್ಪುಗಟ್ಟಿ ಬೂಸ್ಟು ಬರುತ್ತದೆ, ನೀರು ಕೆಳಗಿಳಿಯುವುದಿಲ್ಲ. ಮೊದಲು ಕಾಂಪೋಸ್ಟಾಗಲಿ.

ಗಾಳಿ ಶುದ್ಧ ಮಾಡುತ್ತದೆ: ಎಲ್ಲರೂ ಹೆಸರು ಹೇಳುವ 1989ರ ನಾಸಾ ಪ್ರಯೋಗ ನಡೆದದ್ದು ಮುಚ್ಚಿದ ಪುಟ್ಟ ಪೆಟ್ಟಿಗೆಗಳಲ್ಲಿ. ನಿಮ್ಮ ಮನೆಯಲ್ಲಿ ಆ ಕೆಲಸವನ್ನು ತೆರೆದ ಕಿಟಕಿ ಮಾಡುತ್ತದೆ.

ಇಷ್ಟಕ್ಕೂ 'ಇಂಡೋರ್ ಪ್ಲಾಂಟ್' ಎಂಬ ಚೀಟಿ ಅಂಟಿಸಿದರೆ ಯಾವ ಗಿಡವೂ ತನ್ನ ಗುಣ ಬದಲಿಸಿಕೊಳ್ಳುವುದಿಲ್ಲ. ಯಾವ ಕಾಡಿಗೂ ಹಾಲು, ಬೆಡ್‌ರೂಮು ಇಲ್ಲ. ಆದರೂ ಚೀಟಿಯನ್ನು ನಂಬುತ್ತೇವೆ, ಅರ್ಧ ನಿಮಿಷದ ರೀಲನ್ನು ನಂಬುತ್ತೇವೆ, ವಾಟ್ಸ್‌ಆ್ಯಪಿನಲ್ಲಿ ಬಂದದ್ದನ್ನು ಓದದೆಯೇ ಹತ್ತು ಜನಕ್ಕೆ ಕಳಿಸುತ್ತೇವೆ. ಬಾಳೆಹೊನ್ನೂರಿನ ಬಳಿ 1925ರಿಂದ ಕಾಫಿ ಸಂಶೋಧನೆ ನಡೆಯುತ್ತಿದೆ. ಅಲ್ಲಿನ ಮಾತು ನಮಗೆ ಬೇಡ. ಮರಗಸಿ ಮಾಡುವವನಿಗೆ ಬೆಳಕಿನ ಲೆಕ್ಕ ಕೈಯಲ್ಲೇ ಇದೆ. ಅವನ ಕೆಲಸದ ಫೋಟೋ ಹೊಡೆದುಕೊಳ್ಳುತ್ತೇವೆಯೇ ಹೊರತು, ಕೊಂಬೆ ಯಾಕೆ ಕಡಿಯುತ್ತೀಯಪ್ಪಾ ಎಂದು ಕೇಳುವುದಿಲ್ಲ. ಕೇಳಿದ್ದರೆ ಅರ್ಧದಷ್ಟು ಸಸಿಗಳಾದರೂ ಬದುಕುತ್ತಿದ್ದವು.